ಒಡೆದ ಗಿಟಾರ್‌ನ ಬೆಲೆ

ಸಿನೆಮಾದಲ್ಲಿ ಪಾತ್ರೆ ಪಗಡಗಳು ಒಡೆದರೆ ನಮಗೆ ನೋವಾಗುವುದಿಲ್ಲ. ಒಡೆಯುವುದಕ್ಕೆಂದೇ ತಂದಿಟ್ಟ ಸಾಮಾನು ಅದು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಕ್ವೆಂಟಿನ್ ಟ್ಯಾರಂಟಿನೊ ನಿರ್ದೇಶಿಸಿದ, 2015ರಲ್ಲಿ ತೆರೆ ಕಂಡ ‘ದಿ ಹೇಟ್‌ಫುಲ್ ಎಯ್ಟ್’ ಚಿತ್ರದಲ್ಲಿ ಒಂದು ಗಿಟಾರ್ ಒಡೆಯುತ್ತದೆ. ಅದರ ಹಿನ್ನೆಲೆ ತಿಳಿದ ಮೇಲೆ ಆ ದೃಶ್ಯವನ್ನು ಮೊದಲಿನಂತೆ ನೋಡಲು ನನಗೆ ಸಾಧ್ಯವಾಗಿಲ್ಲ.

ಕಥೆ ಅಮೆರಿಕದ ಅಂತರ್ಯುದ್ಧ ಮುಗಿದ ಕೆಲವು ವರ್ಷಗಳ ನಂತರದ್ದು. ಹಿಮಗಾಳಿಗೆ ಸಿಕ್ಕ ಕೆಲವರು ದಾರಿಬದಿಯ ಮನೆಯೊಂದರಲ್ಲಿ ತಂಗಿದ್ದಾರೆ. ಗಲ್ಲಿಗೇರಿಸಲು ಒಯ್ಯುತ್ತಿರುವ ಕೈದಿ ಹೆಂಗಸು ಡೇಝಿ ಅಲ್ಲಿದ್ದ ಗಿಟಾರ್ ಎತ್ತಿಕೊಂಡು ಹಾಡುತ್ತಾಳೆ. ಹಾಡಿನ ಕೊನೆಗೆ ತನ್ನನ್ನು ಹಿಡಿದು ತಂದವನನ್ನು ಕೆಣಕುತ್ತಾಳೆ. ಆತ ಗಿಟಾರ್ ಕಿತ್ತುಕೊಂಡು ಅಪ್ಪಳಿಸಿ ಚೂರು ಮಾಡುತ್ತಾನೆ. ಡೇಝಿಯ ಪಾತ್ರದಲ್ಲಿ ಜೆನ್ನಿಫರ್ ಜೇಸನ್ ಲೀ, ಅವಳನ್ನು ಹಿಡಿದವನ ಪಾತ್ರದಲ್ಲಿ ಕರ್ಟ್ ರಸೆಲ್.

ಆ ಗಿಟಾರ್ 1870ರ ದಶಕದ್ದು. ಪೆನ್ಸಿಲ್ವೇನಿಯಾದ ನಜರೆತ್ ಊರಿನಲ್ಲಿರುವ ಮಾರ್ಟಿನ್ ಕಂಪೆನಿ ತನ್ನ ವಸ್ತುಸಂಗ್ರಹಾಲಯದಿಂದ ಚಿತ್ರಕ್ಕೆಂದು ಎರವಲು ಕೊಟ್ಟಿತ್ತು. ಒಡೆಯಲು ಆರು ಪ್ರತಿಗಳು ಬೇರೆಯೇ ಸಿದ್ಧವಾಗಿದ್ದವು. ಹಾಡಿನ ಒಂದು ಹಂತದವರೆಗೆ ಅಸಲಿ, ಅಲ್ಲಿ ಚಿತ್ರೀಕರಣ ನಿಲ್ಲಿಸಿ ನಕಲಿ, ಇದು ಏರ್ಪಾಡು. ಈ ಏರ್ಪಾಡನ್ನು ಒಡೆಯಬೇಕಾದವನಿಗೇ ಯಾರೂ ಹೇಳಿರಲಿಲ್ಲ! ರಸೆಲ್ ಕೈಯಲ್ಲಿದ್ದುದನ್ನು ಒಡೆದರು. ಲೀ ದಿಗಿಲುಬಿದ್ದು ಕೂಗಿಕೊಂಡರು, ಕ್ಯಾಮರಾ ಆಚೆಗಿದ್ದವರತ್ತ ಒಮ್ಮೆ ನೋಡಿದರು. ಆ ಕೂಗು, ಆ ನೋಟ ಎರಡೂ ಚಿತ್ರದಲ್ಲಿ ಹಾಗೆಯೇ ಉಳಿದಿವೆ.

ಇದನ್ನು ಒಂದು ಅದೃಷ್ಟವೆಂಬಂತೆ, ನಟನೆಯಲ್ಲದ ನಿಜ ಸಿಕ್ಕಿತೆಂದು ಹೊಗಳಿದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗಿಟಾರ್ ಹೋದ ಮೇಲೆ ಆ ತುಣುಕನ್ನು ಬಿಸಾಡಿದರೆ ಹೋದದ್ದು ಮರಳುತ್ತಿರಲಿಲ್ಲ, ಆದ್ದರಿಂದ ಅದನ್ನು ಉಳಿಸಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಹೊಗಳಿಕೆಯ ಬಗ್ಗೆ. ಡೇಝಿಗೆ ಆ ಗಿಟಾರ್ ಯಾರದೋ ಮನೆಯ ಸಾಮಾನು. ಅದು ಒಡೆದರೆ ಅವಳಿಗೆ ಸಿಟ್ಟು ಬರಬಹುದು, ನಗು ಬರಬಹುದು. ಕೊರಳಿಗೆ ಹಗ್ಗ ಕಾದಿರುವ ಹೆಂಗಸು ಮರದ ಪೆಟ್ಟಿಗೆಯೊಂದಕ್ಕಾಗಿ ಅಷ್ಟು ಬೆಚ್ಚುವುದು ಯಾಕೆ? ಆ ಕ್ಷಣ ಪರದೆಯ ಮೇಲಿರುವುದು ಡೇಝಿ ಅಲ್ಲ, ಎರವಲು ವಸ್ತು ಹಾಳಾಯಿತಲ್ಲಾ ಎಂದು ಗಾಬರಿಯಾದ ಇಂದಿನ ಕಲಾವಿದೆ. ನಿಜವಾದ ಭಾವ ಬಂತು, ಪಾತ್ರ ಹೋಯಿತು. ಈ ಚಿತ್ರದ ನಟನೆಗಾಗಿ ಲೀ ಅವರ ಹೆಸರು ಆಸ್ಕರ್‌ಗೆ ಸೂಚಿತವಾಯಿತು, ಅದಕ್ಕೆ ಅವರು ತಕ್ಕವರೇ; ಆದರೆ ಈ ದೃಶ್ಯದಲ್ಲಿ ಅವರ ಹೆಚ್ಚುಗಾರಿಕೆ ಇರುವುದು ಒಡೆಯುವ ಮುಂಚಿನ ಹಾಡಿನಲ್ಲಿ.

ಅಸಲಿ ಗಿಟಾರ್ ಅಲ್ಲಿಗೆ ಬರಬೇಕಿತ್ತೇ ಎಂಬುದು ಇನ್ನೊಂದು ಪ್ರಶ್ನೆ. ಟ್ಯಾರಂಟಿನೊಗೆ ಅಸಲಿಯ ಹುಚ್ಚು ವಿಪರೀತ. ಡಿಜಿಟಲ್ ಕಾಲದಲ್ಲಿ ಈ ಚಿತ್ರವನ್ನು ಅವರು 65 ಮಿ.ಮೀ. ಫಿಲ್ಮಿನಲ್ಲಿ, 1960ರ ದಶಕದ ನಂತರ ಮೂಲೆ ಸೇರಿದ್ದ ಮಸೂರಗಳಿಂದ ಚಿತ್ರಿಸಿದರು. ಆ ಹುಚ್ಚಿನ ಬಗ್ಗೆ ನನಗೆ ಗೌರವವಿದೆ, ಫಿಲ್ಮಿನ ಗುಣ ಪರದೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಗಿಟಾರ್ ಮಾತ್ರ ಆರು ಪ್ರತಿಗಳ ನಡುವೆ ಇಟ್ಟರೆ ಯಾವ ಪ್ರೇಕ್ಷಕನಿಗೂ ಗುರುತು ಸಿಗದು. ಹಳೆಯ ಗಿಟಾರ್‌ನ ನಿಜವಾದ ಹೆಚ್ಚುಗಾರಿಕೆ ಕಣ್ಣಿಗಲ್ಲ, ಕೈಗೆ ಮತ್ತು ಕಿವಿಗೆ. ವರ್ಷಗಳು ಕಳೆದಂತೆ ಮರ ಒಣಗಿ ಹಗುರವಾಗುತ್ತದೆ, ಒಳಗಿನ ಅಂಟುರಸ ಗಟ್ಟಿಯಾಗುತ್ತದೆ. ಅದನ್ನು ಕೈಗೆತ್ತಿಕೊಂಡವರಿಗೆ ಇದು ತಿಳಿಯುತ್ತದೆ.

ಮಾರ್ಟಿನ್ ಸಂಗ್ರಹಾಲಯಕ್ಕೆ ವಿಮೆಯಿಂದ ಸಿಕ್ಕಿದ್ದು ಸುಮಾರು 40,000 ಡಾಲರ್. ಗಿಟಾರ್‌ಗಳ ಪೇಟೆಯಲ್ಲಿ ಇದು ದೊಡ್ಡ ಮೊತ್ತವಲ್ಲ. ಕರ್ಟ್ ಕೊಬೇನ್ 1993ರಲ್ಲಿ ಎಂಟಿವಿ ಕಛೇರಿಯಲ್ಲಿ ನುಡಿಸಿದ ಇದೇ ಕಂಪೆನಿಯ ಗಿಟಾರ್ 2020ರಲ್ಲಿ 60 ಲಕ್ಷ 10 ಸಾವಿರ ಡಾಲರ್‌ಗೆ ಹರಾಜಾಯಿತು. ಅದು 1959ರದ್ದು, ವಯಸ್ಸಿನಲ್ಲಿ ಒಡೆದುಹೋದ ಗಿಟಾರ್‌ಗಿಂತ ಬಹಳ ಕಿರಿಯದು. ಬೆಲೆ ಮಾತ್ರ 150 ಪಟ್ಟು. ಕೊಬೇನ್ ಆ ಕಛೇರಿ ಮುಗಿಸಿ ಐದು ತಿಂಗಳೊಳಗೆ ತೀರಿಕೊಂಡರು. ಬೆಲೆ ಕಟ್ಟಿದ್ದು ಮರಕ್ಕಲ್ಲ, ಆ ಐದು ತಿಂಗಳಿಗೆ. ಒಡೆದ ಗಿಟಾರ್‌ಗೆ ಅಂಥ ಹೆಸರಿನ ಆಸರೆ ಇರಲಿಲ್ಲ. ನೂರ ನಲ್ವತ್ತು ವರ್ಷಗಳಲ್ಲಿ ಅದನ್ನು ಯಾರಾರು ನುಡಿಸಿದರೋ, ಯಾವ ಮನೆಯ ಗೋಡೆಗೆ ಒರಗಿತ್ತೋ, ಆ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮಲ್ಲೂ ಅಜ್ಜಿಯ ತಾಮ್ರದ ಹಂಡೆಯನ್ನು ಗುಜರಿಯವನು ತೂಗಿಯೇ ಕೊಳ್ಳುತ್ತಾನಲ್ಲವೇ?

ಪೇಟೆಗೆ ಬರದೆಯೇ ಉಳಿದ ಗಿಟಾರ್ ಕೂಡ ಒಂದಿದೆ. ಹಾಡುಗಾರ ವಿಲ್ಲಿ ನೆಲ್ಸನ್ 1969ರಲ್ಲಿ 750 ಡಾಲರ್ ಕೊಟ್ಟು, ಕಣ್ಣಿಂದ ನೋಡದೆಯೇ ಒಂದು ಮಾರ್ಟಿನ್ ಗಿಟಾರ್ ಕೊಂಡರು. ನೈಲಾನ್ ತಂತಿಯ ಅದನ್ನು ಬೆರಳಿನಿಂದ ಮೀಟಬೇಕು. ಅವರು ಪ್ಲೆಕ್ಟ್ರಮ್ ಹಿಡಿದು ಮೀಟಿ ಮೀಟಿ ಮೇಲ್ಮೈಯಲ್ಲಿ ದೊಡ್ಡ ತೂತೇ ಬಿದ್ದಿದೆ. ಮನೆಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಅದನ್ನು ಹೊರತಂದರು. 1990ರಲ್ಲಿ ತೆರಿಗೆ ಬಾಕಿಗಾಗಿ ಸರಕಾರ ಅವರ ಆಸ್ತಿಯನ್ನು ಜಪ್ತಿ ಮಾಡಿದಾಗ ಮಗಳ ಮೂಲಕ ಅದನ್ನು ದೂರ ಸಾಗಿಸಿ ಬಚ್ಚಿಟ್ಟರು. ತೆರಿಗೆ ತಪ್ಪಿಸುವವರ ಪರ ನಾನಲ್ಲ. ಆದರೆ ಮನೆ, ಜಮೀನು ಹೋಗಲಿ ಇದು ಉಳಿಯಲಿ ಎಂದವನ ಲೆಕ್ಕ ನನಗೆ ಹರಾಜುಗಾರನ ಲೆಕ್ಕಕ್ಕಿಂತ ಬೇಗ ಅರ್ಥವಾಗುತ್ತದೆ. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಯಲ್ಲಿ ಅದನ್ನೇ ನುಡಿಸಿದ್ದಾರೆ.

ನಜರೆತ್‌ನವರಿಗೆ ಮೊದಲು ತಿಳಿಸಿದ್ದು ಚಿತ್ರೀಕರಣದ ಸ್ಥಳದಲ್ಲಿ ಅವಘಡವಾಯಿತೆಂದಷ್ಟೇ. ದೃಶ್ಯದ ಭಾಗವಾಗಿಯೇ ಗಿಟಾರ್ ಒಡೆಯಿತೆಂಬುದು ಅವರಿಗೆ ಗೊತ್ತಾದದ್ದು ಆಮೇಲೆ. ವಿಮೆಯ ಹಣ ಬಂದಿದ್ದರೂ ಅವರು ಚೂರುಗಳನ್ನು ಕೇಳಿದರು, ಜೋಡಿಸಲಾದೀತೇ ಎಂಬ ಆಸೆಯಿಂದ. ಆಗಲಿಲ್ಲ. ಇನ್ನು ಮುಂದೆ ಯಾವ ಸಿನೆಮಾಕ್ಕೂ ಸಂಗ್ರಹದ ಗಿಟಾರ್ ಕೊಡುವುದಿಲ್ಲವೆಂದು 2016ರಲ್ಲಿ ಹೇಳಿದರು.