ಕಲ್ಲು ಒಡೆಯುವವನ ಮೇಲಿನ ನೆರಳು

ಬರ್ಮಿಂಗ್‌ಹ್ಯಾಮ್ ಮ್ಯೂಸಿಯಂ ಮತ್ತು ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ಹೆನ್ರಿ ವಾಲಿಸ್ ಬಿಡಿಸಿದ ‘ದಿ ಸ್ಟೋನ್‌ಬ್ರೇಕರ್’ ಎಂಬ ಚಿತ್ರವಿದೆ. ಮೊದಲ ಸಲ ನೋಡಿದಾಗ, ದಿನವಿಡೀ ಜಲ್ಲಿ ಒಡೆದು ದಣಿದ ಕೂಲಿಯೊಬ್ಬ ದಿಣ್ಣೆಗೆ ಒರಗಿ ನಿದ್ದೆ ಹೋಗಿದ್ದಾನೆ ಎಂದುಕೊಂಡೆ. ಜೊತೆಗಿದ್ದ ಮಗಳು ಕೇಳಿದಳು: “ಅಪ್ಪಾ, ಅವನ ಕಾಲ ಮೇಲೆ ಅದೇನು?” ಮುಂಗುಸಿಯಂತೆ ಕಾಣುವ ಸ್ಟೋಟ್. ಬದುಕಿರುವವನ ಕಾಲನ್ನು ಅದು ಹಾಗೆ ಹತ್ತುವುದಿಲ್ಲ.

ಈ ತಪ್ಪು ನನ್ನೊಬ್ಬನದಲ್ಲ. 1858ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನೋಡಿದವರಲ್ಲೂ ಕೆಲವರು ಅವನು ಮಲಗಿದ್ದಾನೆಂದೇ ತಿಳಿದಿದ್ದರು. ಅದೇ ಪ್ರದರ್ಶನದಲ್ಲಿ ಜಾನ್ ಬ್ರೆಟ್‌ನ ಚಿತ್ರವೂ ಇತ್ತು; ವಸ್ತು ಅದೇ, ಇಂದು ಹೆಸರೂ ಅದೇ. ಲಿವರ್‌ಪೂಲ್‌ನ ವಾಕರ್ ಆರ್ಟ್ ಗ್ಯಾಲರಿಯಲ್ಲಿ ಈಗ ಅದನ್ನು ಕಾಣಬಹುದು. ಅಲ್ಲಿ ನಿಚ್ಚಳ ಬಿಸಿಲು, ಒಬ್ಬ ಹುಡುಗ, ಆಟವಾಡುವ ನಾಯಿಮರಿ. ಒಂದೊಂದು ಕಲ್ಲಿನ ಅಂಚೂ ಕಾಣುತ್ತದೆ. ಹುಡುಗನ ಕೈನೋವು ಮಾತ್ರ ಕಾಣುವುದಿಲ್ಲ. ಅಷ್ಟು ಬೆಳಕಿನಲ್ಲಿ ಬಡತನವೂ ಚಂದವಾಗಿಬಿಟ್ಟಿದೆ.

ವಾಲಿಸ್‌ನಲ್ಲಿ ಬೆಳಕಿಲ್ಲವೆಂದಲ್ಲ. ಸೂರ್ಯ ಮುಳುಗಿದ ಮೇಲಿನ ಹೊಂಬಣ್ಣ ಆಕಾಶದಲ್ಲಿದೆ, ದೂರದ ನೀರಿನಲ್ಲಿದೆ, ಗುಡ್ಡಗಳು ನೇರಳೆ. ಕೂಲಿ ಇರುವ ಕಡೆಗೆ ಮಾತ್ರ ಅದು ಬಂದಿಲ್ಲ. ಬಾಗಿದ ತಲೆ, ಕೈಜಾರಿದ ಸುತ್ತಿಗೆ, ಕಲ್ಲಿನ ರಾಶಿ ಎಲ್ಲವೂ ಒಂದೇ ಮಬ್ಬಿನಲ್ಲಿ ನೆಲಕ್ಕೆ ಸೇರಿಕೊಳ್ಳುತ್ತಿವೆ. ಆಕಾಶ ಇಷ್ಟು ಸುಂದರವಾಗಿರಬೇಕಿತ್ತೇ ಎಂಬ ತಕರಾರು ನನಗೆ ಬಹಳ ದಿನ ಇತ್ತು. ಕಣ್ಣು ಮೊದಲು ಅಲ್ಲಿಗೆ ಹೋಗಿ, ತಡವಾಗಿ ಇವನತ್ತ ಇಳಿಯಲೆಂದೇ ಹಾಗೆ ಮಾಡಿರಬೇಕು ಎಂದು ಈಗ ಅನ್ನಿಸುತ್ತದೆ. 1834ರ ಬಡವರ ಕಾನೂನಿನ ಕಾಲವದು. ಹೊಟ್ಟೆಗಿಲ್ಲದವರಿಗೆ ವರ್ಕ್‌ಹೌಸ್‌ಗಳಲ್ಲಿ ಹಚ್ಚುತ್ತಿದ್ದ ಕೆಲಸಗಳಲ್ಲಿ ಕಲ್ಲು ಒಡೆಯುವುದೂ ಒಂದು.

ಆದರೆ ನಾನು ಏಕೆ ಮೋಸಹೋದೆ? ನಮ್ಮ ಮಾತಿನಲ್ಲಿ ನೆರಳೆಂದರೆ ಆಸರೆ. ಹಿರಿಯರ ನೆರಳಲ್ಲಿ ಬೆಳೆದೆವು ಎನ್ನುತ್ತೇವೆ. ತುಮಕೂರು ರಸ್ತೆಯ ಬದಿಯಲ್ಲಿ ತೆಂಗಿನ ಗರಿ ನಿಲ್ಲಿಸಿಕೊಂಡು, ಅಂಗೈಯಗಲದ ನೆರಳಲ್ಲಿ ಹೆಂಗಸರು ಜಲ್ಲಿ ಒಡೆಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಮಧ್ಯಾಹ್ನ ಯಾರಾದರೂ ಮುದುಡಿ ಮಲಗಿದ್ದರೆ, ಪಾಪ, ಸದ್ಯ ನೆರಳಾದರೂ ಸಿಕ್ಕಿತಲ್ಲ ಎಂದು ಅಮ್ಮ ಹೇಳುತ್ತಿದ್ದರು. ಬಸ್ಸು ಮುಂದೆ ಹೋಗುತ್ತಿತ್ತು. ಅವರು ನಿಜವಾಗಿ ಮಲಗಿದ್ದರೇ ಎಂದು ಯಾರೂ ಇಳಿದು ನೋಡಿದವರಲ್ಲ.

ಇಲ್ಲೇ ಹುಟ್ಟಿದ ನನ್ನ ಮಗಳಿಗೆ ನೆರಳೆಂದರೆ ಚಳಿ. ಅವಳು ಆಕಾಶ ಬಿಟ್ಟು ಮೊದಲು ಅವನ ಕಾಲನ್ನೇ ನೋಡಿದ್ದಳು.