ಮೂರಕ್ಷರದ ಮೊರ

ನಮ್ಮ ಸೇಲ್ಸ್ ಮ್ಯಾನೇಜರ್‌ಗೆ ಮೈಲಾಪುರದ ಲೆಕ್ಕ ಬೇಕಿತ್ತು. ಆದರೆ ಅವರು ಮೈಲಾಪುರ ಎಂದು ಟೈಪ್ ಮಾಡಲಿಲ್ಲ. ಇಂಗ್ಲಿಷಿನ ಎಲ್, ಎ, ಪಿ ಒತ್ತಿ ಕೈಕಟ್ಟಿ ಕೂತರು. ಮಾರುದ್ದದ ಪಟ್ಟಿ ಕುಗ್ಗಿ ನಾಲ್ಕು ಹೆಸರಿಗೆ ನಿಂತಿತು: ಬ್ರಿಟಿಷರು ಬರೆದ ಮೈಲಾಪೋರ್, ತಮಿಳಿನ ಮಯಿಲಾಪುರ್, ಜೊತೆಗೆ ಕರೆಯದೆ ಬಂದ ನೆಂಟರಂತೆ ಆಲಪಾಕ್ಕಂ, ಕೊಳಪಾಕ್ಕಂ. ನೆಂಟರನ್ನು ಬಿಟ್ಟು ಮೊದಲೆರಡನ್ನು ಆರಿಸಿಕೊಂಡರು.

ಚೆನ್ನೈಯ ಒಎಂಆರ್ ರಸ್ತೆಯ ಆಫೀಸೊಂದರಲ್ಲಿ ಪವರ್ ಬಿಐ ಎಂಬ ಸಾಫ್ಟ್‌ವೇರ್‌ನಲ್ಲಿ ರಿಪೋರ್ಟ್ ಮಾಡಿಕೊಡುವುದು ನನ್ನ ಕೆಲಸ. ಅವರು ಬೀದಿ ಬೀದಿ ಅಲೆದು ಸರಕು ಮಾರಿಯೇ ಮೇಲೆ ಬಂದ ಹಿರಿಯ ಸೇಲ್ಸ್ ಮ್ಯಾನೇಜರ್. ಅವರ ಬೇಡಿಕೆಯ ಮೇಲೆ ಹಿಂದಿನ ದಿನವಷ್ಟೇ ಏರಿಯಾ ಪಟ್ಟಿಗೆ ಸರ್ಚ್ ಬಾಕ್ಸ್ ಹಾಕಿದ್ದೆ. ಹಾಕಿದ್ದೆ ಎನ್ನುವುದೂ ದೊಡ್ಡ ಮಾತೇ. ಆ ಪಟ್ಟಿಯ, ಅಂದರೆ ಸ್ಲೈಸರ್‌ನ, ಮೂಲೆಯ ಮೂರು ಚುಕ್ಕಿ ಒತ್ತಿ, ಸರ್ಚ್ ಎಂಬುದಕ್ಕೊಂದು ಟಿಕ್ ಕೊಟ್ಟರೆ ಮುಗಿಯಿತು. ಬಾರ್ ಚಾರ್ಟ್‌ಗಳ ಬಣ್ಣಕ್ಕೆ ನಾನು ಕಳೆದ ಸಂಜೆಗಳ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಅವರು ಸವಿದದ್ದು ಮಾತ್ರ ಅದನ್ನೇ.

ಸವಿಯುವಂಥದ್ದೇ. ಒಂದೊಂದು ಅಕ್ಷರ ಬಿದ್ದಂತೆ ಪಟ್ಟಿ ತೆಳುವಾಗುತ್ತದೆ, ಅಜ್ಜಿ ಮೊರದಲ್ಲಿ ಅಕ್ಕಿ ಕೇರುವಾಗ ಪ್ರತಿ ಎಸೆತಕ್ಕೂ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ. ಈ ಸರ್ಚ್ ಬಾಕ್ಸಿಗೊಬ್ಬ ದಾಯಾದಿಯೂ ಇದ್ದಾನೆ, ಟೆಕ್ಸ್ಟ್ ಫಿಲ್ಟರ್ ಎಂದು. ಅದರಲ್ಲಿ ಪೂರ್ತಿ ಬರೆದು ಎಂಟರ್ ಒತ್ತುವ ತನಕ ಏನೂ ಅಲುಗುವುದಿಲ್ಲ. ಒತ್ತಿದೊಡನೆ ಇಡೀ ಪುಟದ ಚಾರ್ಟ್‌ಗಳು ಒಟ್ಟಿಗೇ ಬದಲಾಗುತ್ತವೆ. ಅದು ಜರಡಿ. ಸಾವಿರಾರು ಗ್ರಾಹಕರ ಹೆಸರಿದ್ದರೆ ಜರಡಿಯೇ ಸರಿ. ನನಗೆ ಮೊರವೇ ಇಷ್ಟ, ಕೈಗೆ ಕೆಲಸವಿರುತ್ತದೆ.

ಸರ್ಚ್ ಇಲ್ಲದ ಅಕಾರಾದಿ ಪಟ್ಟಿಯಲ್ಲಿ ಊರು ಹುಡುಕಲು ಹೆಸರಿನ ಮೊದಲಕ್ಷರ ಗೊತ್ತಿರಬೇಕು. ತಮಿಳುನಾಡಿನಲ್ಲಿ ಎಡವುವುದೇ ಅಲ್ಲಿ. ನಮ್ಮ ತ, ಥ, ದ, ಧಗಳಿಗೆಲ್ಲ ತಮಿಳಿನಲ್ಲಿ ಒಂದೇ ಅಕ್ಷರ. ಅದನ್ನು ಇಂಗ್ಲಿಷಿಗೆ ತರುವಾಗ ಬರೇ ಟಿ ಬರೆದರೆ ‘ಟ’ ಆಗಿಬಿಡುತ್ತದೆಂದು ಪಕ್ಕದಲ್ಲೊಂದು ಎಚ್ ನಿಲ್ಲಿಸುತ್ತಾರೆ. (ನಮ್ಮ ಲತಾ, ಗೀತಾರೂ ಹಾಗೆಯೇ ಬರೆಯುತ್ತಾರೆ, ನಗುವ ಹಕ್ಕು ನಮಗಿಲ್ಲ.) ತಿರುವಳ್ಳೂರು, ತಿರುವಾನ್ಮಿಯೂರುಗಳು ಎಚ್ ಇದ್ದೂ ಇರುತ್ತವೆ, ಇಲ್ಲದೆಯೂ ಇರುತ್ತವೆ. 2020ರ ಜೂನ್‌ನಲ್ಲಿ ಸರ್ಕಾರ 1018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಕ್ಕೆ ಹೊಂದಿಸಲು ಹೊರಟು, ಎಗ್ಮೋರನ್ನು ಎಳುಂಬೂರು ಮಾಡಿ, ಅದೇ ತಿಂಗಳು ಆದೇಶ ಹಿಂದೆ ಪಡೆಯಿತು. ನಮ್ಮ ಹುಡುಗರು ಅಷ್ಟರಲ್ಲೇ ಉತ್ಸಾಹದಿಂದ ತುಂಬಿದ ಕೆಲವು ಹೊಸ ಹೆಸರುಗಳು ಇನ್ನೂ ಡೇಟಾದಲ್ಲಿವೆ. ಎಲ್ಲವನ್ನೂ ಒಂದೇ ಕಾಗುಣಿತಕ್ಕೆ ತರೋಣವೆಂದು ವಾದಿಸುವವನು ನಾನೇ. ಆದರೂ ಈ ರಗಳೆಯೇ ಇಲ್ಲದಿದ್ದರೆ ಅವರ ಕೈಚಳಕ ನೋಡಲು ಸಿಗುತ್ತಿತ್ತೇ?

ಹೆಸರಿನ ತಲೆ ನಂಬಬೇಡಿ, ಬಾಲವನ್ನೂ ನಂಬಬೇಡಿ, ಹೊಟ್ಟೆ ಹಿಡಿಯಿರಿ. ಇದು ಅವರ ಸೂತ್ರ. ತಲೆಯಲ್ಲಿ ಎಚ್ ಕಾಟ, ಬಾಲದಲ್ಲಿ ಓಆರ್‌ಇಯೋ ಯುಆರೋ ಎಂಬ ಜಗಳ. ನಡುವಿನ ಮೂರಕ್ಷರ ಮಾತ್ರ ಯಾರು ಬರೆದರೂ ಅಲುಗದು. ಸರ್ಚ್ ಬಾಕ್ಸ್ ಹೆಸರಿನ ಯಾವ ಭಾಗ ಕೊಟ್ಟರೂ ಒಪ್ಪಿಕೊಳ್ಳುತ್ತದೆ, ದೊಡ್ಡಕ್ಷರ ಚಿಕ್ಕಕ್ಷರ ಎಂದು ತಕರಾರು ಮಾಡುವುದಿಲ್ಲ. ಅರ್ಧ ನೆನಪಿಗೆ ಇಷ್ಟು ಮರ್ಯಾದೆ ಕೊಡುವ ಗುಮಾಸ್ತರನ್ನು ನಾನು ಯಾವ ಕೌಂಟರಿನಲ್ಲೂ ಕಂಡಿಲ್ಲ.

ಮರುದಿನ ಬೇಕೆಂದೇ ಟ್ರಿಪ್ಲಿಕೇನ್ ಏರಿಯಾ ಹುಡುಕಲು ಅವರಿಗೆ ಹೇಳಿದೆ. ಅದರ ತಮಿಳು ಹೆಸರು ತಿರುವಲ್ಲಿಕ್ಕೇಣಿ: ಅಲ್ಲಿ ಎಂದರೆ ನೈದಿಲೆ, ಕೇಣಿ ಎಂದರೆ ಕೊಳ. ಆ ಕೇಣಿಯೇ ಬ್ರಿಟಿಷರ ಬಾಯಲ್ಲಿ ಕೇನ್. ಕಿವಿಗೆ ನಂಟು ತಿಳಿಯುತ್ತದೆ, ಸರ್ಚ್ ಬಾಕ್ಸಿಗೆ ಕಿವಿಯಿಲ್ಲ. ಎರಡಕ್ಕೂ ಉಳಿಯುವ ಹೊಟ್ಟೆ ಎಂದರೆ ಎಲ್, ಐ. ಒತ್ತಿದರು. ಪಳ್ಳಿಕರಣೈ ಬಂತು, ಶೋಳಿಂಗನಲ್ಲೂರು ಬಂತು, ದೂರದ ತಿರುನೆಲ್ವೇಲಿಯೂ ಓಡಿಬಂತು. ಅವರು ಜೋರಾಗಿ ನಕ್ಕರು. ಕಂಟ್ರೋಲ್ ಕೀ ಹಿಡಿದು, ಆ ಗುಂಪಿನಲ್ಲಿ ಬ್ರಿಟಿಷರ ಹೆಸರಿಗೊಂದು ಟಿಕ್, ನೈದಿಲೆ ಕೊಳಕ್ಕೊಂದು ಟಿಕ್ ಕೊಟ್ಟರು. ಮೇಲಿನ ಕಾರ್ಡಿನಲ್ಲಿ ಮೊತ್ತ ಬದಲಾಯಿತು. ಅದನ್ನವರು ಪೆನ್ಸಿಲ್‌ನಲ್ಲಿ ಡೈರಿಗೆ ಬರೆದುಕೊಂಡರು.