ಬಸ್ಕಿಗೆ ಬಂದ ಇಂಗ್ಲಿಷ್ ಹೆಸರು

ಸೂರ್ಯನಮಸ್ಕಾರದಲ್ಲಿ ಮೊದಲು ಹಿಂದಕ್ಕೆ ಚಾಚಬೇಕಾದದ್ದು ಎಡಗಾಲೋ ಬಲಗಾಲೋ ಎಂಬ ತಗಾದೆಯನ್ನು ಈ ವಾರ ಇತ್ಯರ್ಥ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಬಂದ ಪತ್ರಗಳಲ್ಲಿ ಬಲಗಾಲಿನವರದೇ ಮೇಲುಗೈ. ಬರೆಯಲು ಕೂತದ್ದೂ ಆಗಿತ್ತು. ಅಷ್ಟರಲ್ಲಿ ಮೇಲಿನ ಮನೆಯಿಂದ ಧಬ್, ಧಬ್ ಎಂಬ ಸದ್ದು. ನೋಡಿದರೆ ನನ್ನ ಫ್ಯಾನು ಅದುರುತ್ತಿದೆ. ಮೆಟ್ಟಿಲು ಹತ್ತಿ ಹೋದೆ. ಎಸ್ಸೆಸ್ಸೆಲ್ಸಿ ಹುಡುಗ ಕೈಗಳನ್ನು ಕತ್ತರಿ ಹಾಕಿ, ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯುತ್ತಿದ್ದಾನೆ. ಬಾಗಿಲ ಬಳಿ ಅವನಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾರೆ.

"ಏನೋ ತಪ್ಪು ಮಾಡ್ದೆ?" ಅಂದೆ.

"ತಾತ, ಇದು ಬಸ್ಕಿ ಅಲ್ಲ, ಸೂಪರ್ ಬ್ರೈನ್ ಯೋಗ. ಸ್ಕೂಲಲ್ಲಿ ಹೇಳ್ಕೊಟ್ಟಿದ್ದಾರೆ. ಮೆಮೊರಿ ಜಾಸ್ತಿ ಆಗತ್ತೆ."

ಅಜ್ಜಿ ತಲೆ ಎತ್ತಲಿಲ್ಲ. "ನಮ್ ಕಾಲ್ದಲ್ಲಿ ಲೆಕ್ಕ ತಪ್ಪಾದ್ರೆ ಮೇಷ್ಟ್ರು ಬಸ್ಕಿ ಹೊಡೆಸೋರು. ಈಗ ಲೆಕ್ಕ ಬರ್ಲಿ ಅಂತ ಹೊಡೆಸ್ತಾರಂತೆ. ಫೀಸ್ ಬೇರೆ ತಗೊಂಡು."

ಸೂರ್ಯನಮಸ್ಕಾರ ಅಲ್ಲಿಗೆ ಹಿಂದೆ ಬಿತ್ತು.

ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವುದು ನಮಗೆ ಹೊಸತಲ್ಲ. ಅದಕ್ಕೆ ಈ ಇಂಗ್ಲಿಷ್ ಹೆಸರಿಟ್ಟು ಪುಸ್ತಕ ಮಾಡಿದವರು ಫಿಲಿಪ್ಪೀನ್ಸಿನ ಚೋವಾ ಕೋಕ್ ಸೂಯಿ. ಕಿವಿಯ ಹಾಲೆ ಒತ್ತಿದರೆ ಮೆದುಳಿಗೆ ಚೈತನ್ಯ ಏರುತ್ತದೆ ಎಂಬುದು ಅವರ ಪಂಥದ ವಾದ. ನಾನು ಅಷ್ಟು ದೂರ ಹೋಗಲಾರೆ. ಕೂತು ಏಳುವಾಗ ತೊಡೆ, ಮೀನಖಂಡ ದುಡಿಯುತ್ತವೆ, ರಕ್ತ ಓಡುತ್ತದೆ, ಉಸಿರು ದೊಡ್ಡದಾಗುತ್ತದೆ, ರಾತ್ರಿ ಹತ್ತರ ತೂಕಡಿಕೆ ಹಾರಿಹೋಗುತ್ತದೆ. ಪುಸ್ತಕದ ಮುಂದೆ ಮೂರು ಗಂಟೆ ಬೆನ್ನು ಬಾಗಿಸಿ ಕೂತ ಹುಡುಗನಿಗೆ ಇಷ್ಟು ಸಾಲದೇ? ಕಿವಿ ಬಿಟ್ಟು ಸೊಂಟ ಹಿಡಿದುಕೊಂಡರೂ ಇಷ್ಟು ಸಿಕ್ಕೇ ಸಿಗುತ್ತದೆ.

ನನ್ನ ಬ್ರೈನ್ ಜಿಮ್ ಜಗಳ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಎರಡೇ ಮಾತು: ಕ್ಯಾಲಿಫೋರ್ನಿಯಾದ ಪಾಲ್ ಡೆನ್ನಿಸನ್ ಕಟ್ಟಿದ 26 ಚಲನೆಗಳ ಕಂತೆ ಅದು. ಬಲ ಮೊಣಕೈಯನ್ನು ಎಡ ಮೊಣಕಾಲಿಗೆ ತಾಗಿಸಿದರೆ ಮೆದುಳಿನ ಎರಡು ಅರ್ಧಗಳು ಕೂಡಿಕೊಳ್ಳುತ್ತವಂತೆ. ಕೊರಳೆಲುಬಿನ ಕೆಳಗೆ ಬೆರಳಿಟ್ಟು ಉಜ್ಜಿದರೆ ಅದು 'ಬ್ರೈನ್ ಬಟನ್'. ಎರಡು ಅರ್ಧಗಳನ್ನು ಕೂಡಿಸಲು ತಲೆಬುರುಡೆಯೊಳಗೆ ಕಾರ್ಪಸ್ ಕೆಲೋಸಮ್ ಎಂಬ ದಪ್ಪನೆಯ ನರತಂತುಗಳ ಸೇತುವೆ ಹುಟ್ಟಿನಿಂದಲೇ ಇದೆ. ಮೊಣಕೈಯ ಹಂಗು ಅದಕ್ಕಿಲ್ಲ. ಬ್ರಿಟನ್ನಿನ ವೈದ್ಯ, ಅಂಕಣಕಾರ ಬೆನ್ ಗೋಲ್ಡೇಕರ್ 2008ರಲ್ಲಿ ತಂದ 'ಬ್ಯಾಡ್ ಸೈನ್ಸ್' ಪುಸ್ತಕದಲ್ಲಿ ಈ ಬಟನ್ನುಗಳನ್ನು ಒಂದೊಂದಾಗಿ ಕಿತ್ತಿದ್ದಾನೆ. ಬಹಳ ಹಿಂದೆ ನನ್ನನ್ನು ಒಂದು ಶಾಲೆಯವರು ಯೋಗ ಸ್ಪರ್ಧೆಯ ತೀರ್ಪುಗಾರನಾಗಿ ಕರೆದಿದ್ದರು. ಅಲ್ಲಿ ಮಕ್ಕಳು ಸಾಲಾಗಿ ನಿಂತು ಎದೆಗುಂಡಿ ಒತ್ತುತ್ತಿದ್ದುದನ್ನು ಕಂಡು, "ಇದು ಯಾವ ಲಿಫ್ಟು?" ಅಂದುಬಿಟ್ಟೆ. ಆಮೇಲೆ ಕರೆ ಬರಲಿಲ್ಲ.

ಹಾಗೆಂದು ಮೈಗೂ ಕಲಿಕೆಗೂ ನಂಟೇ ಇಲ್ಲವೇ? ಇದೆ, ಅದೂ ಗಟ್ಟಿಯಾದ ನಂಟು. ಆದರೆ ಕಲಿಯುವ ವಸ್ತು ಚಲನೆಯೊಳಗೇ ಇರಬೇಕು. ಸಂಗೀತ ಪಾಠದ ಮೊದಲ ವಾರ ನೆನಪಿಸಿಕೊಳ್ಳಿ. ಆದಿತಾಳ: ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ತಟ್ಟಿ ಮಗುಚು, ತಟ್ಟಿ ಮಗುಚು. ಎಂಟಕ್ಷರ ಮುಗಿಯಿತು. ಸರಳೆ ವರಸೆ ಹಾಡುವ ಮಗು ಎಲ್ಲಿದ್ದೇನೆ ಎಂದು ತಡವರಿಸಿದರೆ ಕೈ ನೋಡಿಕೊಂಡರಾಯಿತು. ಲೆಕ್ಕವನ್ನು ಅಂಗೈ ಹಿಡಿದಿರುತ್ತದೆ. ಮುಷ್ಟಿಯ ಗೆಣ್ಣಿನ ಮೇಲೆ 31 ದಿನದ ತಿಂಗಳುಗಳನ್ನು ಎಣಿಸುವುದೂ ಇದೇ ಜಾತಿ. ಯಕ್ಷಗಾನದ ಹುಡುಗರು ತಾಳವನ್ನು ಬಾಯಲ್ಲಿ ಹೇಳುತ್ತಾ ಹೆಜ್ಜೆ ಹಾಕಿಯೇ ಕಲಿಯುತ್ತಾರೆ. ಇಲ್ಲೆಲ್ಲ ಮೈಯೇ ಪಾಠ. ಮೊಣಕೈ ಮೊಣಕಾಲಿಗೆ ತಾಗಿಸಿ ಆಮೇಲೆ ಬೀಜಗಣಿತಕ್ಕೆ ಕೂತರೆ, ಅದು ಒಳ್ಳೆಯ ಬಿಡುವು ಅಷ್ಟೆ.

ಇನ್ನು ನನ್ನ ಪತಂಜಲಿ. ವಾರಕ್ಕೊಮ್ಮೆ ಆತನನ್ನು ಎಳೆದು ತರುತ್ತೀರಿ ಎಂದು ದೂರುವವರು ಈ ಪ್ಯಾರಾ ದಾಟಿಕೊಳ್ಳಲಿ. ಇನ್ನೂರಕ್ಕೆ ನಾಲ್ಕೈದು ಕಡಿಮೆ ಇರುವ ಆತನ ಯೋಗಸೂತ್ರಗಳಲ್ಲಿ ಆಸನದ ಪಾಲಿಗೆ ಬಂದದ್ದು ಮೂರೇ ಮೂರು. ನಾನು ಮತ್ತೆ ಮತ್ತೆ ಹೋಗುವುದು ಮೊದಲ ಪಾದದ 31ನೆಯದಕ್ಕೆ. ಚಿತ್ತ ಚದುರಿದಾಗ ಜೊತೆಗೆ ಏನೇನು ಬರುತ್ತದೆ ಎಂಬ ಪಟ್ಟಿ ಅಲ್ಲಿದೆ: ದುಃಖ, ಮನಸ್ಸು ಕೆಡುವುದು, ಕೈಕಾಲು ನಡುಗುವುದು, ಉಸಿರಿನ ಏರುಪೇರು. ಪರೀಕ್ಷೆಯ ಕೊಠಡಿಯ ಕಿಟಕಿಯಲ್ಲಿ ನಿಂತು ಬರೆದ ಹಾಗಿದೆ! ನಾಲ್ಕರಲ್ಲಿ ಎರಡು ಮನಸ್ಸಿನವು, ಎರಡು ಮೈಯವು. ಮನಸ್ಸಿನ ಎರಡಕ್ಕೆ ನೇರ ಕೈಹಾಕಲು ಬರುವುದಿಲ್ಲ. 'ಹೆದರಬೇಡ' ಅಂದರೆ ಹುಡುಗ ಇನ್ನಷ್ಟು ಹೆದರುತ್ತಾನೆ. ಮೈಯ ಎರಡಕ್ಕೆ ಕೈ ಹಾಕಬಹುದು. ಮೂರು ಸೂತ್ರ ದಾಟಿದರೆ ಆತ ಹೇಳುವುದೂ ಅದನ್ನೇ: ಚಿತ್ತ ತಿಳಿಯಾಗಲು ಉಸಿರನ್ನು ಹೊರಬಿಡುವುದು, ತಡೆಯುವುದು ಒಂದು ದಾರಿ. ಮೊದಲು ಹೇಳಿದ್ದು ಹೊರಬಿಡುವುದನ್ನು, ಗಮನಿಸಿ. ರೇಚಕವೇ, ಅಂದರೆ ಹೊರಬಿಡುವ ಉಸಿರೇ, ಯಜಮಾನ ಎಂದು ನಾನು ಗಂಟಲು ಹರಿದುಕೊಳ್ಳುವುದು ಸುಮ್ಮನೆ ಅಲ್ಲ.

ಉಸಿರಿನ ಮೇಲೆ ಹೀಗೆ ಗಮನವಿಡುವುದಕ್ಕೆ ಈಗ ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಹೆಸರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ನೋವಿನ ರೋಗಿಗಳಿಗೆಂದು ಶುರು ಮಾಡಿದ್ದು ಈಗ ತರಗತಿಗೆ ಬಂದಿದೆ. ದೆಹಲಿ ಸರ್ಕಾರ 2018ರಲ್ಲಿ ಎಂಟನೇ ತರಗತಿಯವರೆಗೆ ತಂದ 'ಹ್ಯಾಪಿನೆಸ್ ಕರಿಕ್ಯುಲಮ್'ನಲ್ಲೂ ಅದು ಇತ್ತು. ಕನ್ನಡದಲ್ಲಿ ಇದಕ್ಕೆ ಪದ ಹುಡುಕಿ ಸುಸ್ತಾದವರಿಗೆ ನಮ್ಮಮ್ಮ ದಿನಾ ಬೈಯುತ್ತಿದ್ದುದು ಸಾಕು: "ಮೈಮೇಲೆ ಜ್ಞಾನ ಇಲ್ವಾ?" ಜ್ಞಾನ ತಲೆಯ ಮೇಲಲ್ಲ, ಮೈಮೇಲೆ.

ಇದೂ ಎಲ್ಲರಿಗೂ ಒಂದೇ ಮಾತ್ರೆಯಾಗಿ ನುಂಗಿಸಿದರೆ ನಾಟುವುದಿಲ್ಲ. ಬ್ರಿಟನ್ನಿನಲ್ಲಿ 11ರಿಂದ 13 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ 'ಮಿರಿಯಡ್' ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಶಾಲೆಯಲ್ಲಿ ಎಂದಿನಂತೆ ನಡೆಯುತ್ತಿದ್ದ ಪಾಠಕ್ಕಿಂತ ಈ ಧ್ಯಾನದ ಪಾಠ ಮಕ್ಕಳ ಮನಸ್ಸಿಗೆ ಹೆಚ್ಚೇನೂ ಒಳಿತು ಮಾಡಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳೂ ಕಡಿಮೆ. ನನಗೆ ಆಶ್ಚರ್ಯವಾಗಲಿಲ್ಲ. ಹದಿಮೂರರ ಹುಡುಗನಿಗೆ ಕಣ್ಣು ಮುಚ್ಚಿ ಕೂರು ಅಂದರೆ ಒಂದು ಕಣ್ಣು ತೆರೆದು ಪಕ್ಕದವನನ್ನು ನೋಡುತ್ತಾನೆ. ಮೊದಲು ಕುಣಿಸಿ, ಬೆವರಿಳಿಸಿ, ಆಮೇಲೆ ಕೂರಿಸಿ. 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಹುಡುಗರನ್ನು ಹಾರಿಸಿ, ಬಗ್ಗಿಸಿ, ನೆಗೆಸಿ ಕಲಿಸಿದರು. ಎಪ್ಪತ್ತರ ಮುದುಕನಿಗೆ ಕೊಡುವುದನ್ನು ಹದಿನಾಲ್ಕರವನಿಗೆ ಕೊಡಲಿಲ್ಲ.

ಅಲ್ಲಿಗೆ 1934ರಲ್ಲಿ ಬಂದವನು ಬೆಳ್ಳೂರಿನ ಒಬ್ಬ ರೋಗಿಷ್ಠ ಹುಡುಗ, ಆಚಾರ್ಯರ ಹೆಂಡತಿಯ ತಮ್ಮ. ಮುಂದೆ 'ಲೈಟ್ ಆನ್ ಯೋಗ' ಬರೆದು ಜಗತ್ತನ್ನೇ ಬಗ್ಗಿಸಿದ ಬಿ.ಕೆ.ಎಸ್. ಅಯ್ಯಂಗಾರ್. ಅವರು ಮೆಟ್ರಿಕ್‌ನಲ್ಲಿ ನಪಾಸು. ಯೋಗ ಮಾಡಿದರೆ ಅಂಕ ಬರುತ್ತದೆ ಎಂದು ಕರಪತ್ರ ಹಂಚುವವರು ಇದನ್ನೂ ಒಂದು ಮೂಲೆಯಲ್ಲಿ ಅಚ್ಚು ಹಾಕಲಿ.

ಮತ್ತೆ ಮೇಲಿನ ಮನೆಗೆ ಬರೋಣ. ಬಸ್ಕಿ ಮುಗಿಸಿ ಏದುಸಿರು ಬಿಡುತ್ತಿದ್ದವನನ್ನು ಚಾಪೆಯ ಮೇಲೆ ಕೂರಿಸಿ, ಅವನ ಬೆರಳನ್ನೇ ಅವನ ಮಣಿಕಟ್ಟಿನ ನಾಡಿಯ ಮೇಲೆ ಇಡಿಸಿದೆ. ಮೂರು ಎಣಿಸುತ್ತಾ ಉಸಿರು ತಗೋ, ಆರು ಎಣಿಸುತ್ತಾ ಬಿಡು. ಐದಾರು ಸಲ ಆದಮೇಲೆ ಕಣ್ಣರಳಿಸಿದ. "ತಾತ, ಉಸಿರು ಬಿಡುವಾಗ ಸ್ಲೋ ಆಗತ್ತೆ!" ಒಳಗೆಳೆದಾಗ ಗುಂಡಿಗೆ ಚುರುಕು, ಬಿಟ್ಟಾಗ ನಿಧಾನ, ಎಳೆಯರಲ್ಲಿ ಇದು ಇನ್ನೂ ಸ್ಪಷ್ಟ. ಯಾರೂ ಹೇಳದೆ ತಾನೇ ಕಂಡುಕೊಂಡ. ಅಜ್ಜಿಯೂ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ತಮ್ಮ ನಾಡಿ ಹುಡುಕತೊಡಗಿದರು.

ಮನೆಯಲ್ಲಿ ಪರೀಕ್ಷೆಯ ಮಕ್ಕಳಿದ್ದರೆ ಇವತ್ತೇ ರಾತ್ರಿ ಅವರ ಬೆರಳನ್ನು ನಾಡಿಯ ಮೇಲೆ ಇಡಿಸಿ ನೋಡಿ, ಶುಲ್ಕವಿಲ್ಲ. ಎಡಗಾಲೋ ಬಲಗಾಲೋ ಎಂಬುದು ಮುಂದಿನ ವಾರಕ್ಕೆ. ಅಲ್ಲಿಯತನಕ ಯಾವ ಕಾಲನ್ನಾದರೂ ಹಿಂದಿಡಿ, ನನ್ನ ಅಭ್ಯಂತರವಿಲ್ಲ.